ಹತ್ತಡಿ ಕೋಣೆಯಲ್ಲೊಂದು ಗರಡಿಮನೆ

ಬಾವಿಯಿಂದ ನೀರು ಸೇದಿ, ಬೀಸುಕಲ್ಲಿನ ಮುಂದೆ ಕುಳಿತು ಜೋಳ ಬೀಸಿ, ಹೊಲದ ಬುತ್ತಿಯನ್ನು ತಲೆಯ ಮೇಲಿರಿಸಿಕೊಂಡು ಹರದಾರಿ ದೂರ ನಡೆಯುತ್ತಿದ್ದ ನಮ್ಮ ಹಿರಿಯರಿಗೆ ವ್ಯಾಯಾಮವೆಂಬುದು ಬೇರೆಯೇ ಆದ ಒಂದು ಕೆಲಸವಾಗಿರಲಿಲ್ಲ. ದೇಹವನ್ನು ವಿಶೇಷವಾಗಿ ಹುರಿಗೊಳಿಸಬೇಕೆಂಬ ಹುಮ್ಮಸ್ಸುಳ್ಳ ತರುಣರಿಗೆ ಊರ ಗರಡಿಮನೆ ಇತ್ತು. ಅಲ್ಲಿ ಕೆಮ್ಮಣ್ಣೂ ಇತ್ತು, ಕಿವಿ ಹಿಂಡಿ ಕಲಿಸುವ ಉಸ್ತಾದರೂ ಇದ್ದರು. ಇಂದು ನಮ್ಮ ಕುಟುಂಬಗಳು ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆ, ಬೆಂಗಳೂರುಗಳ ಬಹುಮಹಡಿ ಕಟ್ಟಡಗಳಲ್ಲಿ ಎರಡು ಮೂರು ಕೋಣೆಗಳ ಮನೆ ಮಾಡಿಕೊಂಡಿವೆ. ನೀರು ನಲ್ಲಿಯಲ್ಲಿ ಬರುತ್ತದೆ, ಹಿಟ್ಟು ಪೊಟ್ಟಣದಲ್ಲಿ ಬರುತ್ತದೆ, ನಾವು ಮಾತ್ರ ಕುಳಿತಲ್ಲಿಯೇ ಇರುತ್ತೇವೆ. ಆದುದರಿಂದ ಮನೆಯೊಳಗೇ ವ್ಯಾಯಾಮದ ಸಲಕರಣೆ ತಂದಿಟ್ಟುಕೊಳ್ಳುವ ರೂಢಿ ಬೆಳೆದಿದೆ. ಇದು ಒಳ್ಳೆಯದೇ. ಆದರೆ ಏನನ್ನು ತರಬೇಕು, ಎಲ್ಲಿಡಬೇಕು, ಮನೆಯ ಯಾರು ಯಾರಿಗೆ ಅದು ಒದಗಬೇಕು ಎಂಬ ವಿಚಾರವನ್ನು ಮಾಡದೆ ತಂದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಯ ಸಂಗತಿಯನ್ನೇ ಬಂಧುಗಳ ಮುಂದಿಡುತ್ತೇವೆ.

ನಮ್ಮ ಮಗನಿಗೆ ಮೂವತ್ತೆಂಟನೆಯ ವಯಸ್ಸಿಗೇ ರಕ್ತದಲ್ಲಿ ಸಕ್ಕರೆಯ ಅಂಶ ಎಲ್ಲೆಯ ಹತ್ತಿರ ಬಂದು ನಿಂತಿತು. ಇದೇನೂ ನಮ್ಮೊಬ್ಬರ ಮನೆಯ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು ೧೦ ಕೋಟಿ ೧೦ ಲಕ್ಷ ಜನರಿಗೆ ಮಧುಮೇಹವಿದೆ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ ಹೆಚ್ಚು. ವೈದ್ಯರು ನಡೆಯಲು ಹೇಳಿದರು. ಮಗನು ಬೀದಿಯಲ್ಲಿ ನಡೆಯುವ ಬದಲು ೨೦೨೧ರಲ್ಲಿ ವಿದ್ಯುತ್ತಿನಿಂದ ಚಲಿಸುವ ಟ್ರೆಡ್‌ಮಿಲ್ ಒಂದನ್ನು ತಂದನು. ಮನೆಯಲ್ಲಿ ಅದಕ್ಕೆ ದೊರೆತದ್ದು ಹತ್ತು ಅಡಿ ಅಗಲ, ಹನ್ನೊಂದು ಅಡಿ ಉದ್ದದ ಒಂದೇ ಕೋಣೆ.

ಆ ಕೋಣೆಯ ಮೂಡಣ ಮೂಲೆಯಲ್ಲಿ ನಮ್ಮ ತಾಯಿಯವರು ಮಣೆ ಹಾಕಿಕೊಂಡು ನಿತ್ಯವೂ ಲಿಂಗಪೂಜೆಗೆ ಕುಳಿತುಕೊಳ್ಳುತ್ತಿದ್ದರು. ಯಂತ್ರ ಬಂದ ದಿನ ಮಣೆ ಅಡುಗೆಮನೆಯ ಪಕ್ಕದ ಓಣಿಗೆ ಸರಿಯಿತು. ಅಲ್ಲಿ ಬೆನ್ನಿಗೆ ಗೋಡೆಯಿಲ್ಲ, ಏಳಲು ಹಿಡಿತವಿಲ್ಲ. ಒಂದು ತಿಂಗಳು ಕಳೆಯುವುದರೊಳಗೆ ಅವರು ನೆಲ ಬಿಟ್ಟು ಕುರ್ಚಿಯ ಮೇಲೆ ಕುಳಿತು ಪೂಜೆ ಮಾಡತೊಡಗಿದರು. “ಇದನ್ನ ಯಾರ ಸಲುವಾಗಿ ತಂದಿಯಪ್ಪಾ?” ಎಂದು ಮೊಮ್ಮಗನನ್ನು ಒಮ್ಮೆ ಕೇಳಿದರು. ಅವನು ನಕ್ಕು ಸುಮ್ಮನಾದನು, ನಾವೂ ನಕ್ಕೆವು. ಆ ಪ್ರಶ್ನೆಯ ತೂಕ ನಮಗೆ ಆಗ ತಿಳಿಯಲಿಲ್ಲ.

ಟ್ರೆಡ್‌ಮಿಲ್ಲಿನ ಪೂರ್ವಜನ ಕಥೆ ವಿನೋದಕರವಾದುದು. ೧೮೧೮ರಲ್ಲಿ ಇಂಗ್ಲೆಂಡಿನ ವಿಲಿಯಂ ಕ್ಯುಬಿಟ್ ಎಂಬ ಎಂಜಿನಿಯರನು ಸೆರೆಮನೆಯ ಕೈದಿಗಳನ್ನು ದುಡಿಸುವುದಕ್ಕಾಗಿ ತುಳಿಯುವ ಚಕ್ರವನ್ನು ರೂಪಿಸಿದನು. ಆ ಶತಮಾನದ ಕೊನೆಗೆ ಅದು ಕ್ರೂರವೆಂದು ಸೆರೆಮನೆಗಳೇ ಅದನ್ನು ಕೈಬಿಟ್ಟವು. ಅದರ ಮರಿಮಗನನ್ನು ನಾವು ಹಣ ಕೊಟ್ಟು ಮನೆಗೆ ತಂದೆವು. ನಾಲ್ಕು ತಿಂಗಳಾದ ಮೇಲೆ ಅದರ ಹಿಡಿಕೆಗಳ ಮೇಲೆ ಒದ್ದೆ ಟವೆಲ್ಲುಗಳನ್ನು ಹರವಿದೆವು! ಇನ್ನೂ ಒಂದು ಮಾತು. ಈ ಯಂತ್ರದ ಉದ್ದ ಆರು ಅಡಿಯ ಆಸುಪಾಸು. ಓಡುವಾಗ ಕಾಲು ತಪ್ಪಿದವನು ಹಿಂದಕ್ಕೆ ಎಸೆಯಲ್ಪಡುವುದರಿಂದ ಅದರ ಹಿಂದೆ ಮತ್ತೆ ಆರು ಅಡಿಯಷ್ಟು ಬರಿದಾದ ಜಾಗವಿರಬೇಕು. ಒಟ್ಟು ಹನ್ನೆರಡು ಅಡಿ. ನಮ್ಮ ಕೋಣೆಯ ಉದ್ದವೇ ಹನ್ನೊಂದು! ಅಂಗಡಿಯಲ್ಲಿ ಯಂತ್ರವನ್ನು ಅಳೆದಿದ್ದೆವು, ಅದರ ಹಿಂದಿನ ಜಾಗವನ್ನು ಅಳೆದಿರಲಿಲ್ಲ.

೨೦೨೩ರ ಶ್ರಾವಣದಲ್ಲಿ ತಾಯಿಯವರು ಬಚ್ಚಲಮನೆಯ ಹೊಸ್ತಿಲಲ್ಲಿ ಜಾರಿ ಬಿದ್ದರು. ಮಣಿಕಟ್ಟಿನ ಮೂಳೆ ಮುರಿಯಿತು. ಆಗ ಅವರಿಗೆ ಎಪ್ಪತ್ತೆಂಟು ವರ್ಷ. ಮೂಳೆ ಕೂಡಿತು, ಆದರೆ ಆರು ವಾರಗಳ ವಿಶ್ರಾಂತಿಯಲ್ಲಿ ತೊಡೆಯ ಬಲ ಕರಗಿಹೋಗಿತ್ತು. ವ್ಯಾಯಾಮ ಚಿಕಿತ್ಸಕರೊಬ್ಬರು ಮನೆಗೆ ಬಂದು, ಕುರ್ಚಿಯಿಂದ ಕೈಯೂರದೆ ಎಷ್ಟು ಸಲ ಎದ್ದು ಕೂರಬಲ್ಲಿರಿ ಎಂದು ಅರ್ಧ ನಿಮಿಷ ಎಣಿಸಿದರು. ಒಂದು ಸಲವೂ ಆಗಲಿಲ್ಲ. ಕೈಯೂರಿ ನಾಲ್ಕು ಸಲ ಎದ್ದರು. “ಇವರಿಗೆ ಅರ್ಧ ಕಿಲೋ ತೂಕದ ಎರಡು ಸಣ್ಣ ಭಾರ ಬೇಕು, ಮನೆಯಲ್ಲಿ ಏನಿದೆ?” ಎಂದು ಅವರು ಕೇಳಿದಾಗ ನಾವು ತಬ್ಬಿಬ್ಬಾದೆವು. ಮನೆಯಲ್ಲಿ ಟ್ರೆಡ್‌ಮಿಲ್ ಇತ್ತು, ಹತ್ತು ಕಿಲೋ ತೂಕದ ಎರಡು ಡಂಬೆಲ್‌ಗಳಿದ್ದವು, ಹೊಟ್ಟೆ ಕರಗಿಸುವುದೆಂದು ಹೇಳಿ ಮಾರಿದ ಚಕ್ರವೊಂದಿತ್ತು. ಅರ್ಧ ಕಿಲೋ ಎತ್ತಬೇಕಾದವರಿಗೆ ಒದಗುವಂಥದು ಒಂದೂ ಇರಲಿಲ್ಲ.

ಅಂದು ಸಂಜೆ ಸೊಸೆಯು ಹಳೆಯ ಜೀನ್ಸ್ ಬಟ್ಟೆಯನ್ನು ಕತ್ತರಿಸಿ ಎರಡು ಪುಟ್ಟ ಚೀಲಗಳನ್ನು ಹೊಲಿದಳು. ಕೆಳಗೆ ಕಟ್ಟಡದ ಕೆಲಸಕ್ಕೆ ಸುರಿದಿದ್ದ ಮರಳಿನಲ್ಲಿ ಎರಡು ಬೊಗಸೆ ಕೇಳಿ ತಂದು, ಜರಡಿ ಹಿಡಿದು, ತೊಳೆದು ಒಣಗಿಸಿ ತುಂಬಿದೆವು. ಖರ್ಚು ಸೊನ್ನೆ. ನಮ್ಮ ಮನೆಯ ಸಲಕರಣೆಗಳ ಸುಧಾರಣೆ ಆರಂಭವಾದದ್ದು ಆ ಎರಡು ಚೀಲಗಳಿಂದ.

ಕಲ್ಯಾಣದ ಮರಳು ಚೀಲ

ಮರಳು ತುಂಬಿದ ಚೀಲವನ್ನು ಎತ್ತಿ ದೇಹ ಬಲಪಡಿಸಿಕೊಳ್ಳುವ ವಿಧಾನವು ನಮ್ಮ ಸೊಸೆಯ ಶೋಧವಲ್ಲವೆಂಬುದು ಆಮೇಲೆ ತಿಳಿದುಬಂತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲರ ವಿಚಾರವಾಗಿಯೇ ಒಂದು ಭಾಗವಿದೆ. ಮಲ್ಲರು ಮಾಡಬೇಕಾದ ಶ್ರಮಗಳನ್ನು ಅಲ್ಲಿ ಹೆಸರಿಸಿ ಹೇಳಿದೆ. ಮರಳಿನ ಚೀಲ ಎತ್ತುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ಕಂಬದ ಮೇಲೆ ಮಾಡುವುದು ಸ್ತಂಭಶ್ರಮ. ಯಾವ ಕಲ್ಯಾಣವು ಮುಂದೆ ಶರಣರ ಕಾಯಕದಿಂದ ನಮಗೆ ಪವಿತ್ರವಾಯಿತೋ ಅದೇ ಕಲ್ಯಾಣದ ಅರಮನೆಯಲ್ಲಿ, ಅವರಿಗಿಂತ ಸ್ವಲ್ಪವೇ ಮುಂಚೆ, ಮರಳಿನ ಚೀಲಕ್ಕೆ ಗ್ರಂಥದಲ್ಲಿ ಸ್ಥಾನ ದೊರೆತಿತ್ತೆಂದು ತಿಳಿದಾಗ ನಮಗಾದ ಸಂತೋಷವನ್ನು ಬಚ್ಚಿಡುವುದಿಲ್ಲ.

ಗರಡಿಮನೆಯನ್ನು ಈ ದೃಷ್ಟಿಯಿಂದ ನೋಡಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಅಲ್ಲಿದ್ದ ವಸ್ತುಗಳೆಷ್ಟು? ಮರದ ಮುದ್ಗರಗಳು, ಒಂದು ಗದೆ, ಎತ್ತಲು ಕಲ್ಲು, ಏರಲು ಹಗ್ಗ ಅಥವಾ ಕಂಬ. ಉಳಿದುದೆಲ್ಲ ದಂಡ ಮತ್ತು ಬಸ್ಕಿ. ಇವೆರಡಕ್ಕೂ ವಸ್ತುವೇ ಬೇಡ, ಒಬ್ಬ ಮನುಷ್ಯ ಮಲಗುವಷ್ಟು ನೆಲವಿದ್ದರೆ ಸಾಕು. ಹನ್ನೆರಡು ವರ್ಷದ ಹುಡುಗನೂ ಮೂವತ್ತರ ಪೈಲ್ವಾನನೂ ಅದೇ ನೆಲದ ಮೇಲೆ ಅದೇ ಕೆಲಸ ಮಾಡುತ್ತಿದ್ದರು. ಬದಲಾಗುತ್ತಿದ್ದುದು ಎಣಿಕೆ ಮತ್ತು ಭಾರ ಮಾತ್ರ. ನಮ್ಮ ಭಾಗದ ಜಾತ್ರೆಗಳಲ್ಲಿ ಇಂದಿಗೂ ಸಂಗ್ರಾಣಿ ಕಲ್ಲು ಎತ್ತುವ, ಜೋಳದ ಚೀಲ ಎತ್ತುವ ಪಂದ್ಯಗಳು ನಡೆಯುತ್ತವಷ್ಟೆ. ಚೀಲಕ್ಕೆ ಹಿಡಿಕೆಯಿಲ್ಲ, ಅದು ಕೈಯಲ್ಲಿ ನಿಲ್ಲುವುದಿಲ್ಲ, ಒಳಗಿನ ಕಾಳು ಸರಿದಾಡುತ್ತದೆ. ಆದುದರಿಂದಲೇ ಬೆರಳಿನಿಂದ ಹಿಡಿದು ಸೊಂಟದವರೆಗೆ ಇಡೀ ದೇಹ ದುಡಿಯಬೇಕಾಗುತ್ತದೆ.

ಇಂಗ್ಲಿಷರು ನಮ್ಮ ಮುದ್ಗರವನ್ನು ಕಂಡು ತಮ್ಮ ಸೈನ್ಯಕ್ಕೆ ಒಯ್ದರು. ಅದೇ ‘ಇಂಡಿಯನ್ ಕ್ಲಬ್’ ಎಂಬ ಹೆಸರಿನಲ್ಲಿ ಯೂರೋಪು ಅಮೆರಿಕಗಳ ಮನೆಮನೆಗೂ ಹೋಯಿತು. ೧೯೦೪ ಮತ್ತು ೧೯೩೨ರ ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧೆಯೂ ಆಯಿತು. ಅತ್ತಕಡೆಯಿಂದ ಕಬ್ಬಿಣದ ತೂಕಗಳು ನಮ್ಮಲ್ಲಿಗೆ ಬಂದವು. ಇವೆರಡನ್ನೂ ಕೂಡಿಸಿದವರಲ್ಲಿ ಕನ್ನಡಿಗರು ಮರೆಯಬಾರದ ಹೆಸರು ಕೆ.ವಿ. ಅಯ್ಯರ್ ಅವರದು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ಓದುಗರು ಅವರನ್ನು ಬಲ್ಲರು. ಅವರೇ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದವರು. ಸೂರ್ಯನಮಸ್ಕಾರವನ್ನೂ ಕಬ್ಬಿಣದ ಭಾರವನ್ನೂ ಜೊತೆಯಾಗಿ ಕಲಿಸಿದವರು. ವ್ಯಾಯಾಮಶಾಲೆಗೆ ಬರಲಾಗದವರಿಗೆ ಅಂಚೆಯ ಮೂಲಕ ಪಾಠ ಕಳುಹಿಸಿದವರು. ಮನೆಯ ಮೂಲೆಯಲ್ಲಿ ವ್ಯಾಯಾಮ ಮಾಡುವ ಪದ್ಧತಿಯು ಇಂದು ನೆನ್ನೆಯ ಫ್ಯಾಷನ್ ಅಲ್ಲವೆಂಬುದಕ್ಕೆ ಇಷ್ಟು ಹೇಳಿದೆವು.

ಏನನ್ನು ಕಳುಹಿಸಿದೆವು, ಏನನ್ನು ಇಟ್ಟುಕೊಂಡೆವು

ಟ್ರೆಡ್‌ಮಿಲ್ಲನ್ನು ಕೊಂಡ ಬೆಲೆಯ ಮೂರನೆಯ ಒಂದು ಪಾಲಿಗೆ ಮಾರಿದೆವು. ಕೊಂಡವರು ದೊಡ್ಡ ಪಡಸಾಲೆಯುಳ್ಳ ಮನೆಯವರು, ಮನೆಯ ಮುಂದಿನ ಹೆದ್ದಾರಿಯಲ್ಲಿ ಕಾಲಿಡಲಾಗದ ಪರಿಸ್ಥಿತಿಯಲ್ಲಿದ್ದವರು. ಅವರಿಗೆ ಅದು ಸರಿಯಾದ ವಸ್ತುವೇ. ಯಂತ್ರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ನಮ್ಮ ಮಗನ ಮನೆಯ ಹಿಂದೆಯೇ ಕೆರೆಯ ದಂಡೆಯ ಹಾದಿಯಿದೆ. ನಡೆಯುವುದಕ್ಕೆ ಅದಿರುವಾಗ ಕೋಣೆಯ ಮೂರನೆಯ ಒಂದು ಭಾಗವನ್ನು ನಡಿಗೆಗಾಗಿ ಒತ್ತೆಯಿಡಬೇಕಾಗಿರಲಿಲ್ಲ. ಹೊರಗೆ ಆಗುವುದನ್ನು ಹೊರಗೆ ಮಾಡಿ, ಒಳಗಿನ ಕಿರಿದಾದ ಜಾಗವನ್ನು ಹೊರಗೆ ಆಗದ ಕೆಲಸಕ್ಕೆ, ಅಂದರೆ ಸ್ನಾಯುಗಳ ಬಲಕ್ಕೆ ಉಳಿಸಿಕೊಳ್ಳಬೇಕೆಂದು ನಿಶ್ಚಯಿಸಿದೆವು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಹೊರಡಿಸಿದ ಸೂಚನೆಯೂ ಇದಕ್ಕೆ ಒಪ್ಪುತ್ತದೆ. ವಯಸ್ಕರು ವಾರಕ್ಕೆ ೧೫೦ರಿಂದ ೩೦೦ ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಮಾಡಬೇಕು. ಅದಲ್ಲದೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕು. ಅರವತ್ತೈದು ದಾಟಿದವರು ಸಮತೋಲವನ್ನೂ ಬಲವನ್ನೂ ಕಾಯುವ ವ್ಯಾಯಾಮವನ್ನು ವಾರಕ್ಕೆ ಮೂರು ದಿನ ಮಾಡಬೇಕು. ನಮ್ಮಲ್ಲಿ ಹೆಚ್ಚಿನವರು ಮೊದಲಿನದನ್ನು ಕೇಳಿಸಿಕೊಂಡು ಎರಡನೆಯದನ್ನು ಬಿಟ್ಟುಬಿಡುತ್ತಾರೆ, ಅದರಲ್ಲಿಯೂ ಹೆಣ್ಣುಮಕ್ಕಳು.

ಯಾವ ವಸ್ತುವನ್ನಾದರೂ ಕೊಳ್ಳುವ ಮುಂಚೆ ಅದರ ಪೆಟ್ಟಿಗೆಯ ಮೇಲೆ ‘ಐವತ್ತು ಬಗೆಯ ವ್ಯಾಯಾಮ’ ಎಂದು ಬರೆದಿರುವುದನ್ನು ನಾವೀಗ ಓದುವುದಿಲ್ಲ. ದೇಹ ಮಾಡುವ ಮುಖ್ಯ ಕೆಲಸಗಳು ಕೆಲವೇ: ಕೂತು ಏಳುವುದು, ನೆಲದಿಂದ ಎತ್ತುವುದು, ಮುಂದಕ್ಕೆ ಒತ್ತುವುದು, ಹತ್ತಿರಕ್ಕೆ ಎಳೆಯುವುದು, ಅಟ್ಟಕ್ಕೆ ಏರಿಸುವುದು, ಹೊತ್ತು ನಡೆಯುವುದು. ಇವುಗಳಲ್ಲಿ ಮೂರು ನಾಲ್ಕಕ್ಕಾದರೂ ಅದು ಆಗುವುದೇ, ಮನೆಯಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿಗೆ ಒದಗುವುದೇ ಎಂದು ನೋಡುತ್ತೇವೆ. ಅದಕ್ಕಿಂತಲೂ ಮುಖ್ಯವಾಗಿ, ತೆಗೆದು ಹರವಿ, ಮುಗಿಸಿ, ಮರಳಿ ಇಡಲು ಎರಡು ನಿಮಿಷಕ್ಕಿಂತ ಹೆಚ್ಚು ಬೇಕಾಗುವುದೇ ಎಂದು ನೋಡುತ್ತೇವೆ. ಈ ಕೊನೆಯದರಲ್ಲಿ ಸೋತ ವಸ್ತು ಎಷ್ಟು ಉತ್ತಮವಾಗಿದ್ದರೂ ತಿಂಗಳೊಳಗೆ ಮಂಚದ ಕೆಳಗೆ ಧೂಳು ಹಿಡಿಯುತ್ತದೆ. ಇದು ಅನುಭವದ ಮಾತು.

ಹೊಟ್ಟೆಯ ಚಕ್ರ ಹೋಯಿತು. ಹತ್ತು ಕಿಲೋ ತೂಕದ ಆ ಎರಡು ಡಂಬೆಲ್‌ಗಳನ್ನೂ ಬದಲಾಯಿಸಿದೆವು. ಏಕೆಂದರೆ ಅವು ಮಗನಿಗೆ ತೋಳಿನ ಒಂದು ವ್ಯಾಯಾಮಕ್ಕೆ ಭಾರ, ಕಾಲಿನ ವ್ಯಾಯಾಮಕ್ಕೆ ಹಗುರ, ಸೊಸೆಗೆ ಎರಡಕ್ಕೂ ಅನನುಕೂಲ. ಅವುಗಳ ಬದಲಿಗೆ ಬಿಲ್ಲೆಗಳನ್ನು ಕಳಚಿ ತೊಡಿಸುವ ಎರಡು ಸರಳುಗಳನ್ನು ತಂದೆವು. ಇಲ್ಲಿ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಜಾಗದ ಉಳಿತಾಯದ ಗುಟ್ಟೆಲ್ಲ ಇದರಲ್ಲಿದೆ. ತಿರುಪು ಬಿಗಿಯೊಡನೆ ಒಂದೊಂದು ಸರಳು ಎರಡು ಕಿಲೋ. ಬಿಲ್ಲೆಗಳು ಒಟ್ಟು ಹನ್ನೆರಡು: ೧.೨೫ ಕಿಲೋದವು ನಾಲ್ಕು, ೨.೫ ಕಿಲೋದವು ನಾಲ್ಕು, ೫ ಕಿಲೋದವು ನಾಲ್ಕು. ಎರಡು ಸರಳುಗಳಿಗೂ ಸಮನಾಗಿ ಹಂಚಿದರೆ ಒಂದೊಂದು ಕೈಗೆ ೨, ೪.೫, ೭, ೯.೫, ೧೨, ೧೪.೫, ೧೭, ೧೯.೫ ಹೀಗೆ ಎಂಟು ಬಗೆಯ ತೂಕ ದೊರೆಯುತ್ತದೆ. ಎಲ್ಲ ಸೇರಿ ಕಬ್ಬಿಣ ೩೯ ಕಿಲೋ. ಒಂದು ತರಕಾರಿ ಬುಟ್ಟಿಯಷ್ಟು ಜಾಗ. ಇವೇ ಎಂಟು ತೂಕಗಳನ್ನು ಬಿಡಿ ಜೋಡಿಗಳಾಗಿ ಕೊಂಡರೆ ಹದಿನಾರು ಡಂಬೆಲ್‌ಗಳು, ೧೭೨ ಕಿಲೋ ಕಬ್ಬಿಣ, ಅವುಗಳನ್ನು ಇಡಲು ಒಂದು ಕಪಾಟು! ವಾಸದ ಮನೆಗಳ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ ೨೦೦ ಕಿಲೋ ಹೊರುವ ಲೆಕ್ಕದಲ್ಲಿ ಕಟ್ಟುತ್ತಾರೆಂಬುದನ್ನೂ ನೆನಪಿಡಬೇಕು. ಒಂದೇ ಮೂಲೆಯಲ್ಲಿ ಕಬ್ಬಿಣ ಪೇರಿಸುವುದು, ಅದರಲ್ಲಿಯೂ ನೆಲಕ್ಕೆ ಅಪ್ಪಳಿಸುವುದು ಸಲ್ಲದು.

ಬಿಲ್ಲೆ ಕಳಚುವುದಕ್ಕೆ ಅರ್ಧ ನಿಮಿಷ ಹಿಡಿಯುತ್ತದೆ. ಆ ಅರ್ಧ ನಿಮಿಷವನ್ನೂ ಉಳಿಸುವಂತೆ, ಗುಂಡಿ ತಿರುಗಿಸಿದೊಡನೆ ತೂಕ ಬದಲಾಗುವ ಡಂಬೆಲ್‌ಗಳೂ ಬಂದಿವೆ. ಅವು ಚೆಲುವಾಗಿವೆ, ದುಬಾರಿಯೂ ಆಗಿವೆ. ಆದರೆ ೨೦೨೫ರ ಜೂನ್ ತಿಂಗಳಲ್ಲಿ ಅಮೆರಿಕದಲ್ಲಿ ಈ ಬಗೆಯ ಸುಮಾರು ೩೮ ಲಕ್ಷ ಡಂಬೆಲ್‌ಗಳನ್ನು, ಬಳಸುತ್ತಿರುವಾಗಲೇ ಬಿಲ್ಲೆ ಕಳಚಿ ಬೀಳಬಹುದೆಂಬ ಕಾರಣಕ್ಕೆ ಹಿಂದಕ್ಕೆ ಕರೆಯಲಾಯಿತು. ಗಾಯಗೊಂಡವರು ನೂರಕ್ಕೂ ಹೆಚ್ಚು. ನಮ್ಮ ಅಭಿಪ್ರಾಯದಲ್ಲಿ ಕಣ್ಣಿಗೆ ಕಾಣುವ ತಿರುಪೇ ಮನೆಗೆ ಲೇಸು. ಅದು ಸಡಿಲವಾದರೆ ಯಾರಿಗಾದರೂ ತಿಳಿಯುತ್ತದೆ. ಪ್ರತಿ ಸಲವೂ ಎತ್ತುವ ಮುಂಚೆ ಎರಡೂ ಕಡೆ ಬಿಗಿ ನೋಡಬೇಕು. ಮಕ್ಕಳಿರುವ ಮನೆಯಲ್ಲಿ ಬಿಲ್ಲೆಗಳನ್ನು ಎತ್ತರದಲ್ಲಿಡದೆ ನೆಲದ ಮೇಲೆಯೇ, ಬಾಗಿಲುಳ್ಳ ಗೂಡಿನಲ್ಲಿಡಬೇಕು.

ಎಳೆಯುವ ವ್ಯಾಯಾಮದ ವಿಷಯದಲ್ಲಿ ಮಾತ್ರ ನಾವು ಒಂದು ಪೆಟ್ಟು ತಿಂದೆವು. ಬಾಗಿಲ ಚೌಕಟ್ಟಿನ ನಡುವೆ ಬಿಗಿದು ನಿಲ್ಲಿಸುವ ಸರಳೊಂದನ್ನು ಮಗನು ತಂದು ಸಿಕ್ಕಿಸಿದ್ದನು. ಹಳ್ಳಿಯ ನಮ್ಮ ಹಳೆಯ ಮನೆಯ ಸಾಗುವಾನಿ ಚೌಕಟ್ಟಾಗಿದ್ದರೆ ಅದು ಆನೆಯನ್ನೂ ತಡೆಯುತ್ತಿತ್ತೇನೋ. ಹೊಸ ಕಟ್ಟಡದ ಚೌಕಟ್ಟು ತೆಳುವಾದುದು, ಗೋಡೆ ಹಗುರವಾದ ಇಟ್ಟಿಗೆಯದು. ಹತ್ತು ವರ್ಷದ ಮರಿಮಗ ಜೋತು ಬಿದ್ದ ಮೂರನೆಯ ದಿನ ಸರಳು ಜಾರಿತು. ದೈವಕೃಪೆಯಿಂದ ಕಾಲು ನೆಲಕ್ಕೆ ಗೇಣುದ್ದವೇ ಇದ್ದುದರಿಂದ ಮೊಣಕಾಲು ತರಚಿದ್ದರಲ್ಲಿಯೇ ಮುಗಿಯಿತು. ಈಗ ಆ ಸರಳು ಇಲ್ಲ. ಹಳೆಯ ತೊಲೆಯ ಮನೆಗಳಲ್ಲಿ ಜೋಕಾಲಿಗೆಂದು ಹೊಡೆದ ಗಟ್ಟಿಯಾದ ಕಬ್ಬಿಣದ ಕೊಂಡಿಗಳಿರುತ್ತವೆ. ಬಡಗಿಯಿಂದ ಪರೀಕ್ಷೆ ಮಾಡಿಸಿ ಅವುಗಳಿಗೆ ಹಗ್ಗದ ಹಿಡಿಕೆಗಳನ್ನು ಕಟ್ಟಿಕೊಳ್ಳಬಲ್ಲವರು ಪುಣ್ಯವಂತರು.

ಸರಳಿನ ಬದಲಿಗೆ ಬಂದದ್ದು ರಬ್ಬರಿನ ಎಳೆಪಟ್ಟಿಗಳು. ಒಂದು ಸಣ್ಣ ಕೈಚೀಲದಲ್ಲಿ ನಾಲ್ಕು ಪಟ್ಟಿಗಳು ಹಿಡಿಯುತ್ತವೆ. ಇವುಗಳ ಗುಣ ಕಬ್ಬಿಣದಂತಲ್ಲ. ಎಳೆದಷ್ಟೂ ಬಿಗಿ ಹೆಚ್ಚುತ್ತದೆ. ಬಿಗಿ ಹೆಚ್ಚೆನಿಸಿದರೆ ಒಂದು ಹೆಜ್ಜೆ ಹತ್ತಿರ ಬಂದರಾಯಿತು. ಆದುದರಿಂದ ಒಂದೇ ಪಟ್ಟಿ ಅಜ್ಜಿಗೂ ಮೊಮ್ಮಗನಿಗೂ ಒಗ್ಗುತ್ತದೆ. ಬಾಗಿಲಿಗೆ ಸಿಕ್ಕಿಸಿ ಎಳೆಯುವಾಗ, ನಮ್ಮ ಎಳೆತದಿಂದ ಬಾಗಿಲು ಇನ್ನೂ ಭದ್ರವಾಗಿ ಮುಚ್ಚಿಕೊಳ್ಳುವ ಕಡೆಗೇ ನಿಲ್ಲಬೇಕು, ಚಿಲಕ ಹಾಕಿರಬೇಕು. ಬಣ್ಣ ನೋಡಿ ಬಿಗಿಯನ್ನು ನಿರ್ಧರಿಸಬಾರದು; ಒಬ್ಬ ತಯಾರಕನ ಕೆಂಪು ಇನ್ನೊಬ್ಬನ ಹಸಿರಿಗೆ ಸಮ. ಬಿಸಿಲಿಗೆ ಇಟ್ಟರೆ ರಬ್ಬರು ಸೀಳುತ್ತದೆ. ಸಣ್ಣ ಬಿರುಕು ಕಂಡರೂ ಕತ್ತರಿಸಿ ಎಸೆಯಬೇಕು, ಏಕೆಂದರೆ ಎಳೆದ ಪಟ್ಟಿ ತುಂಡಾದರೆ ನೇರವಾಗಿ ಕಣ್ಣಿಗೇ ಬಡಿಯುತ್ತದೆ.

ಇನ್ನು ನಮ್ಮ ಮೆಚ್ಚಿನ ಮರಳಿನ ಚೀಲ. ಒಣ ಮರಳು ಲೀಟರಿಗೆ ಸುಮಾರು ೧.೬ ಕಿಲೋ ತೂಗುತ್ತದೆ. ಅಂದರೆ ಹತ್ತು ಕಿಲೋಗೆ ಆರು ಲೀಟರಿಗಿಂತ ಸ್ವಲ್ಪ ಹೆಚ್ಚು ಸಾಕು. ಎರಡೂವರೆ ಕಿಲೋ ಮರಳನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅದರ ಮೇಲೆ ಬಟ್ಟೆಯ ಚೀಲ ಹೊಲಿದರೆ ಒಂದು ಪೊಟ್ಟಣ. ಇಂಥ ಎಂಟು ಪೊಟ್ಟಣಗಳನ್ನು ಮಾಡಿದೆವು. ಹೊರಚೀಲವಾಗಿ ಮರಿಮಗನ ಹಳೆಯ ಶಾಲೆಯ ಚೀಲವೇ ಆಯಿತು. ನಾಲ್ಕು ಪೊಟ್ಟಣ ಹಾಕಿ ಬೆನ್ನಿಗೇರಿಸಿಕೊಂಡು ಸೊಸೆ ಮೆಟ್ಟಿಲು ಹತ್ತುತ್ತಾಳೆ. ಎಂಟನ್ನೂ ಹಾಕಿ ಎದೆಗವಚಿಕೊಂಡು ಮಗನು ಬಸ್ಕಿ ಹೊಡೆಯುತ್ತಾನೆ. ಮೇಲಿನ ಹಿಡಿಕೆಯಿಂದ ಹಿಡಿದು ಒಂದೊಂದೇ ಕೈಯಿಂದ ಸೊಂಟದವರೆಗೆ ಎಳೆಯಲೂ ಬರುತ್ತದೆ. ಒಂದೇ ಚೀಲ, ಎರಡೂವರೆಯಿಂದ ಇಪ್ಪತ್ತು ಕಿಲೋವರೆಗೆ ಎಂಟು ಮೆಟ್ಟಿಲು. ಗೋಡೆಯ ಮೊಳೆಗೆ ಭಾರ ಸಹಿತ ತೂಗುಹಾಕುವ ತಪ್ಪನ್ನು ಮಾತ್ರ ಮಾಡಬೇಡಿ; ಪೊಟ್ಟಣಗಳನ್ನು ತೆಗೆದು ಬರಿಯ ಚೀಲವನ್ನು ತೂಗುಹಾಕಿರಿ. ಹೊಲಿಗೆ ಎರಡೆಳೆಯದಾಗಿರಲಿ. ನಮ್ಮ ಮೊದಲನೆಯ ಪೊಟ್ಟಣ ಪಡಸಾಲೆಯ ನಡುವೆ ಬಿಚ್ಚಿಕೊಂಡು, ಮರಳನ್ನು ಎಲ್ಲ ಮೂಲೆಗಳಿಂದ ಗುಡಿಸಿ ಮುಗಿಸಲು ಮೂರು ದಿನ ಹಿಡಿಯಿತು.

ಮಡಚುವ ಬೆಂಚು ಬೇಕೇ ಬೇಡವೇ ಎಂಬ ವಾದ ಮನೆಯಲ್ಲಿ ಇನ್ನೂ ನಡೆದಿದೆ. ಮಂಚದ ಕೆಳಗೆ ಸೇರುವಂಥದಾದರೆ ಇರಲಿ ಎಂದು ಮಗ. ನೆಲದ ಮೇಲೆ ಮಲಗಿ ಒತ್ತಿದರೆ ಭುಜಕ್ಕೇ ಕ್ಷೇಮವೆಂದು ಸೊಸೆ. ಈ ವಿಷಯದಲ್ಲಿ ನಾವು ಸೊಸೆಯ ಪಕ್ಷ.

ಎಲ್ಲಕ್ಕಿಂತ ಮುಂಚೆ ಅಳೆಯಬೇಕಾದುದು ನೆಲವನ್ನು. ಮನುಷ್ಯನು ತೋಳು ಚಾಚಿದಷ್ಟು ಅಗಲ ಅವನ ಎತ್ತರಕ್ಕೆ ಹೆಚ್ಚು ಕಡಿಮೆ ಸಮ. ಆದುದರಿಂದ ಏಳು ಅಡಿ ಉದ್ದ, ಆರು ಅಡಿ ಅಗಲ ಬರಿದಾದ ನೆಲವಿದ್ದರೆ ಮಲಗಿ, ಕೂತು, ಕೈ ಬೀಸಿ ಮಾಡುವ ಎಲ್ಲವೂ ಆಗುತ್ತದೆ. ಇದು ಒಂದು ಸಾಧಾರಣ ಜಮಖಾನದಷ್ಟು ಜಾಗ. ನಮ್ಮ ಮನೆಯಲ್ಲಿ ನವಲಗುಂದದ ಜಮಖಾನವೊಂದಿದೆ, ಅದನ್ನೇ ಹಾಸಿ ನೋಡಿ ಜಾಗ ಗೊತ್ತುಮಾಡಿದೆವು. ಆದರೆ ವ್ಯಾಯಾಮವನ್ನು ಅದರ ಮೇಲೆ ಮಾಡಬಾರದು, ನುಣುಪಾದ ಟೈಲ್ಸಿನ ಮೇಲೆ ಅದು ಜಾರುತ್ತದೆ. ಕೆಳಗೆ ರಬ್ಬರಿನ ಹಾಸು ಬೇಕು. ಜಾರುವುದಿಲ್ಲ, ಸದ್ದೂ ಕಡಿಮೆ. ಬೆಳಗಿನ ಐದು ಗಂಟೆಗೆ ಕಬ್ಬಿಣ ನೆಲಕ್ಕಿಟ್ಟ ಸದ್ದು ಕೆಳಮನೆಯವರಿಗೆ ಸುಪ್ರಭಾತವಾಗಿ ಕೇಳಿಸುವುದಿಲ್ಲವೆಂಬುದನ್ನು ಅವರೇ ಬಂದು ವಿನಯದಿಂದ ತಿಳಿಸಿದ ಮೇಲೆ ನಮಗೆ ಇದು ಅರ್ಥವಾಯಿತು.

ವಯಸ್ಸಾದವರಿಗೆ ಇನ್ನೇಕೆ ಭಾರದ ಗೊಡವೆ, ಎರಡು ಹೆಜ್ಜೆ ನಡೆದರೆ ಸಾಕಲ್ಲ ಎಂದು ಕೇಳುವ ಬಂಧುಗಳಿದ್ದಾರೆ. ೧೯೯೦ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಒಂದು ಪ್ರಯೋಗವನ್ನು ಅವರ ಗಮನಕ್ಕೆ ತರಬಯಸುತ್ತೇವೆ. ವೃದ್ಧಾಶ್ರಮದಲ್ಲಿದ್ದ, ಸರಾಸರಿ ತೊಂಬತ್ತು ವಯಸ್ಸಿನ ಹತ್ತು ಮಂದಿಯಿಂದ ಎಂಟು ವಾರಗಳ ಕಾಲ, ತಕ್ಕ ಮೇಲ್ವಿಚಾರಣೆಯಲ್ಲಿ, ಕಾಲಿನಿಂದ ಭಾರ ಎತ್ತಿಸಿದರು. ಕೊನೆಯವರೆಗೆ ಮಾಡಿದ ಒಂಬತ್ತು ಮಂದಿಯ ತೊಡೆಯ ಬಲ ಸರಾಸರಿ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು. ಹತ್ತು ಮಂದಿಯ ಸಣ್ಣ ಪ್ರಯೋಗವದು. ಆದರೆ ತೊಂಬತ್ತರಲ್ಲಿಯೂ ಸ್ನಾಯು ಕಲಿಯುತ್ತದೆಂಬುದನ್ನು ತೋರಿಸಲು ಅಷ್ಟು ಸಾಕಾಯಿತು. ಹೃದಯದ ತೊಂದರೆ, ಹೆಚ್ಚಿನ ರಕ್ತದೊತ್ತಡ, ಮೂಳೆ ಸವೆತ ಇರುವವರು ಮೊದಲು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಎತ್ತುವಾಗ ಉಸಿರು ಬಿಗಿಹಿಡಿಯಬಾರದು. ಪ್ಲಾಸ್ಟಿಕ್ ಕುರ್ಚಿಯನ್ನು ಬಳಸಲೇಬಾರದು. ಗೋಡೆಗೆ ಆನಿಸಿದ, ನಾಲ್ಕೂ ಕಾಲು ಸಮನಾದ ಮರದ ಕುರ್ಚಿಯೇ ಬೇಕು.

ನಮ್ಮ ತಾಯಿಯವರು ಅರ್ಧ ಕಿಲೋ ಚೀಲದಿಂದ ಆರಂಭಿಸಿ ಎಂಟು ತಿಂಗಳಲ್ಲಿ ಎರಡು ಕಿಲೋಗೆ ಬಂದರು. ಮೊದಲು ದಪ್ಪ ಹಾಸಿಗೆ ಹಾಕಿ ಎತ್ತರಿಸಿದ ಕುರ್ಚಿಯಿಂದ, ಬಳಿಕ ಬರಿಯ ಕುರ್ಚಿಯಿಂದ, ಆಮೇಲೆ ಗಿಡ್ಡನೆಯ ಸ್ಟೂಲಿನಿಂದ ಏಳುವ ಅಭ್ಯಾಸ. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು ಒಗ್ಗರಣೆ ಬೇಯುವ ಹೊತ್ತಿನಲ್ಲಿಯೇ ಮುಗಿಯುತ್ತಿತ್ತು. ಅರ್ಧ ನಿಮಿಷದ ಎಣಿಕೆ ಕೈಯೂರದೆ ಒಂಬತ್ತಕ್ಕೆ ಬಂದ ದಿನ ಮರಿಮಗ ಗೋಡೆಯ ಕ್ಯಾಲೆಂಡರಿನಲ್ಲಿ ಅದನ್ನು ಬರೆದನು.

ಈಗ ಕೋಣೆಯ ಮೂಡಣ ಮೂಲೆ ಮರಳಿ ಅವರದಾಗಿದೆ. ಮಣೆಯ ಮೇಲೆ ಕುಳಿತುಕೊಳ್ಳುತ್ತಾರೆ. ಏಳುವಾಗ ಎಡಗೈಯನ್ನು ಗೋಡೆಗೂರಬೇಕಾಗುತ್ತದೆ, ಆ ಮಣಿಕಟ್ಟು ಮೊದಲಿನಂತಾಗಲಿಲ್ಲ. ಪೂಜೆ ಮುಗಿದು ಮಣೆ ಎತ್ತಿದ ಮೇಲೆ ರಬ್ಬರಿನ ಹಾಸು ಬಿಚ್ಚಿಕೊಳ್ಳುತ್ತದೆ, ಮಗ ಸೊಸೆಯರ ಸರದಿ. ಕಳೆದ ವಾರ ತಾಯಿಯವರು ತಮ್ಮ ಚೀಲವನ್ನು ಕೈಯಲ್ಲಿ ತೂಗಿ ನೋಡುತ್ತ, “ಇದರಾಗ ಮರಳು ಸೋರೇತಿ ಏನ, ಭಾಳ ಹಗುರ ಆಗೇತಲ್ಲ” ಎಂದರು. ಸೊಸೆ ತಕ್ಕಡಿಗೆ ಹಾಕಿ ನೋಡಿದಳು. ಎರಡು ಕಿಲೋ ಸರಿಯಾಗಿಯೇ ಇತ್ತು.